ಕಿತ್ತೂರಿನಿಂದ ರಾಮದುರ್ಗದವರೆಗೆ : ಸೈಕಲ್ಲಿನ ದಾರಿಯಲ್ಲಿ ಒಂದು ಇತಿಹಾಸಾವಲೋಕನ

ಇತಿಹಾಸದ ಅಭ್ಯಾಸಕ್ಕೆ ಶಾಸನ, ಕಡತ, ಕಾಗದಪತ್ರಗಳು ಆಧಾರಗಳೆಂಬುದು ಎಲ್ಲರಿಗೂ ವಿದಿತವಾದ ಸಂಗತಿ. ಆದರೆ ಆ ಕಾಗದಪತ್ರಗಳಲ್ಲಿ ಹೇಳಿದ ಘಟನೆಗಳು ನಡೆದದ್ದು ನೆಲದ ಮೇಲೆ. ಒಂದು ಊರಿನಿಂದ ಇನ್ನೊಂದು ಊರಿಗೆ ಎಷ್ಟು ಹೊತ್ತಿನ ದಾರಿ, ನಡುವೆ ಏರು ಎಲ್ಲಿ, ಇಳುಕಲು ಎಲ್ಲಿ, ಹೊಳೆಯನ್ನು ದಾಟುವದು ಯಾವ ಕಡೆಯಲ್ಲಿ ಎಂಬ ಪ್ರಶ್ನೆಗಳಿಗೆ ಕಡತವು ಉತ್ತರ ಕೊಡುವದು ಅಪರೂಪ. ಮೋಟಾರಿನಲ್ಲಿ ಕುಳಿತು ಹೋಗುವವನಿಗೆ ಈ ಪ್ರಶ್ನೆಗಳು ಹುಟ್ಟುವದೇ ಇಲ್ಲ. ತಾಸಿಗೆ 12ರಿಂದ 15 ಕಿಲೋಮೀಟರು ಸಾಗುವ ಸೈಕಲ್ಲು ಹಿಂದಿನ ಕಾಲದ ಕುದುರೆಯ ನಡೆಗೆ ಸಮೀಪವಾದದ್ದು. ಆದಕಾರಣ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಂಬ ನಾಲ್ಕು ಊರುಗಳನ್ನು ಕೂಡಿಸುವ, ಒಟ್ಟಿನಲ್ಲಿ ಸುಮಾರು 100 ಕಿಲೋಮೀಟರಿನ ದಾರಿಯನ್ನು ಸೈಕಲ್ಲಿನ ಮೇಲೆ ಕ್ರಮಿಸಿ, ಅಲ್ಲಿ ಗೋಚರಿಸಿದ ಕೆಲವು ವಿಚಾರಗಳನ್ನು ಇಲ್ಲಿ ನಿರೂಪಿಸಲಾಗಿದೆ.

ಮೊದಲು ನೆಲದ ವಿಚಾರ. ಕಿತ್ತೂರು ಮಲೆನಾಡಿನ ಸೆರಗಿನಲ್ಲಿದೆ. ಅಲ್ಲಿಂದ ಪಶ್ಚಿಮಕ್ಕೆ ಖಾನಾಪುರದ ಅಡವಿ, ಪೂರ್ವಕ್ಕೆ ಬಯಲುಸೀಮೆ. ಈಶಾನ್ಯಾಭಿಮುಖವಾಗಿ ಹೊರಟವನಿಗೆ ಭತ್ತದ ಗದ್ದೆಗಳು ಹಿಂದೆ ಬಿದ್ದು, ಮಲಪ್ರಭೆಯನ್ನು ದಾಟಿದ ಬಳಿಕ ಎರೆಯ ಹೊಲಗಳು ತೆರೆದುಕೊಳ್ಳುವವು. ಬೈಲಹೊಂಗಲವು ಹತ್ತಿಯ ಪೇಟೆಯಾಗಿ ಬೆಳೆದದ್ದು ಈ ಎರೆಯ ಬಲದಿಂದಲೇ. ನೆಲವು ಸಮತಟ್ಟಾಗಿ ಕಂಡರೂ ತುಳಿಯುವವನ ಕಾಲಿಗೆ ಅದು ಸಮತಟ್ಟಲ್ಲ. ಒಂದು ದಿನ್ನೆ ಏರಿದರೆ ಒಂದು ಹಳ್ಳ, ಹಳ್ಳದ ದಂಡೆಗೆ ಒಂದು ಊರು. ಮುಂದೆ ಸವದತ್ತಿಯ ಹತ್ತಿರ ನೆಲದ ಸ್ವರೂಪವೇ ಮಾರ್ಪಡುವದು. ಕೆಂಪು ಮರಳುಗಲ್ಲಿನ ಗುಡ್ಡಗಳು ಅಡ್ಡಲಾಗಿ ನಿಲ್ಲುವವು. ಈ ಗುಡ್ಡಗಳನ್ನು ಕೊರೆದುಕೊಂಡು ಮಲಪ್ರಭೆಯು ನವಿಲುತೀರ್ಥದ ಕಣಿವೆಯಲ್ಲಿ ಹೊರಬೀಳುತ್ತದೆ. ರಾಮದುರ್ಗವೂ ಅದೇ ಹೊಳೆಯ ದಂಡೆಯ ಮೇಲಿನ ಊರು.

ಹೀಗೆ ನೋಡಿದಾಗ ಅಧಿಕಾರದ ನೆಲೆಗಳು ಎಲ್ಲಿ ನಿಂತವೆಂಬುದಕ್ಕೆ ಕಾರಣವು ತಾನಾಗಿ ಹೊಳೆಯುವದು. ಕಿತ್ತೂರಿನ ದೇಸಾಯರು ಅಡವಿಗೂ ಬಯಲಿಗೂ ನಡುವಿನ ಬಾಗಿಲನ್ನು ಹಿಡಿದವರು. ಸವದತ್ತಿಯು ಬಯಲಿಗೂ ಗುಡ್ಡಕ್ಕೂ ನಡುವಿನ ಬಾಗಿಲು. ಶಾಸನಗಳಲ್ಲಿ ಸುಗಂಧವರ್ತಿ ಎಂದು ಕರೆಯಲ್ಪಟ್ಟ ಈ ಊರಿನಿಂದ ರಟ್ಟರು ಕೂಂಡಿ ಮೂರುಸಾವಿರವನ್ನು ಆಳಿದರು. 13ನೆಯ ಶತಮಾನದ ಆರಂಭದ ಹೊತ್ತಿಗೆ ಅವರ ರಾಜಧಾನಿಯು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಹೋಯಿತು. ಇತ್ತ ಕಿತ್ತೂರಿನ ಸಮೀಪದ ದೇಗಾಂವಿಯಲ್ಲಿ 12ನೆಯ ಶತಮಾನದ ಕಮಲನಾರಾಯಣ ದೇವಾಲಯವಿದೆ. ಅದು ಗೋವೆಯ ಕದಂಬ ದೊರೆ ಪೆರ್ಮಾಡಿಯ ರಾಣಿ ಕಮಲಾದೇವಿಯ ಹೆಸರಿನೊಡನೆ ಸೇರಿದ ದೇವಾಲಯ. ಅಂದರೆ ಸೈಕಲ್ಲಿನ ಒಂದು ದಿನದ ದಾರಿಯೊಳಗೆ ಎರಡು ರಾಜ್ಯಗಳ ಅಂಚು ಇತ್ತು. ಹೂಲಿಯ ಪಂಚಲಿಂಗೇಶ್ವರ, ಮುನವಳ್ಳಿಯ ಪಂಚಲಿಂಗೇಶ್ವರ, ತೊರಗಲ್ಲಿನ ಭೂತನಾಥ, ಸೊಗಲದ ಸೋಮೇಶ್ವರ ಇವೆಲ್ಲ ಈ ದಾರಿಯ ಆಚೀಚೆಗೆ ಇರುವಂಥವು. ರಾಜಧಾನಿಗಳಲ್ಲದ ಹಳ್ಳಿಗಳಲ್ಲಿ ಇಂಥ ಗುಡಿಗಳು ಇಷ್ಟು ದಟ್ಟವಾಗಿರುವದು ಆ ಕಾಲದ ಬೇಸಾಯ, ವ್ಯಾಪಾರಗಳ ಸಮೃದ್ಧಿಗೆ ಸಾಕ್ಷಿಯಾಗಿದೆ.

ಎರಡನೆಯದಾಗಿ, ಈ ದಾರಿಯ ಎರಡು ತುದಿಗಳಲ್ಲಿ ನಡೆದ ಎರಡು ಬಂಡಾಯಗಳನ್ನು ಕುರಿತು ವಿಚಾರಿಸತಕ್ಕದ್ದಿದೆ. ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು 1824ರ ಸೆಪ್ಟೆಂಬರಿನಲ್ಲಿ ಮಕ್ಕಳಿಲ್ಲದೆ ಮೃತನಾದನು. ಆತನು ದತ್ತಕ ತೆಗೆದುಕೊಂಡದ್ದನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪಲಿಲ್ಲ. ಚೆನ್ನಮ್ಮ ರಾಣಿಯು ಮಣಿಯಲಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಥ್ಯಾಕರೆ ಹತನಾದನು. ಅದೇ ಡಿಸೆಂಬರಿನಲ್ಲಿ ಕಂಪನಿಯ ದೊಡ್ಡ ಸೈನ್ಯ ಬಂದು ಕೋಟೆಯನ್ನು ವಶಪಡಿಸಿಕೊಂಡಿತು. ಇನ್ನೊಂದು ತುದಿಯಲ್ಲಿ ರಾಮದುರ್ಗದಿಂದ ನರಗುಂದಕ್ಕೆ ಹೋಗುವ ದಾರಿಯ ಮೇಲೆ ಸುರೇಬಾನ ಗ್ರಾಮವಿದೆ. 1858ರ ಮೇ 29ರ ರಾತ್ರಿ ಅಲ್ಲಿ ತಂಗಿದ್ದ ಪೊಲಿಟಿಕಲ್ ಏಜಂಟ್ ಮ್ಯಾನ್ಸನ್ನನನ್ನು ನರಗುಂದದ ಬಾಬಾಸಾಹೇಬನ ಜನರು ಕೊಂದರು. ಬಾಬಾಸಾಹೇಬನಿಗೂ ಮಕ್ಕಳಿರಲಿಲ್ಲ, ಅವನಿಗೂ ದತ್ತಕದ ಅನುಮತಿ ಸಿಕ್ಕಿರಲಿಲ್ಲ. 1858ರ ಜೂನ್ 12ರಂದು ಆತನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು.

ದತ್ತಕವನ್ನು ನಿರಾಕರಿಸಿ ಸಂಸ್ಥಾನಗಳನ್ನು ಕಬಳಿಸುವ ನೀತಿಯನ್ನು ಪಾಠ್ಯಪುಸ್ತಕಗಳು ಡಾಲ್‌ಹೌಸಿಯ ಹೆಸರಿಗೆ ಜೋಡಿಸುತ್ತವೆ. 1848ರಲ್ಲಿ ಸಾತಾರೆಯಿಂದ ಅದು ಆರಂಭವಾಯಿತೆಂದು ಹೇಳುತ್ತವೆ. ಆದರೆ ಅದಕ್ಕೂ 24 ವರ್ಷ ಮೊದಲೇ ಕಿತ್ತೂರಿನ ಜನರು ಅದರ ರುಚಿಯನ್ನು ಉಂಡಿದ್ದರು. ನರಗುಂದದ ಬಂಡಾಯವನ್ನು ಉತ್ತರ ಹಿಂದುಸ್ತಾನದ 1857ರ ದಂಗೆಯ ಒಂದು ಕಿಡಿಯೆಂದು ಮಾತ್ರ ಎಣಿಸುವದು ಪೂರ್ಣ ಸತ್ಯವಲ್ಲ. ಅದರ ಹಿಂದೆ ಈ ನಾಡಿನದೇ ಆದ ಒಂದು ಹಳೆಯ ನೋವು ಇತ್ತು. ಎರಡು ದಿನ ಸೈಕಲ್ಲು ತುಳಿದರೆ ಮುಟ್ಟುವ ದೂರದ ಎರಡು ಊರುಗಳ ನಡುವೆ 34 ವರ್ಷಗಳಲ್ಲಿ ಆ ನೆನಪು ಹರಿದಾಡಿರಲಿಲ್ಲವೆಂದು ನಂಬುವದು ಕಠಿಣ. ಅದೇ ಭಾವೆ ಮನೆತನದ ರಾಮದುರ್ಗದ ಅರಸರು ಬ್ರಿಟಿಷರ ಪಕ್ಷದಲ್ಲಿ ನಿಂತದ್ದರಿಂದ ಅವರ ಸಂಸ್ಥಾನವು 1948ರ ವಿಲೀನದವರೆಗೆ ಉಳಿಯಿತು, ನರಗುಂದವು ಅಳಿಯಿತು. ಆದರೆ ರಾಮದುರ್ಗದ ಪ್ರಜೆಗಳು ಸುಮ್ಮನಿದ್ದರೆಂದು ಇದರ ಅರ್ಥವಲ್ಲ. 1939ರ ಏಪ್ರಿಲಿನಲ್ಲಿ ಅಲ್ಲಿ ನಡೆದ ರಕ್ತಪಾತವೂ ಅದರ ಬಳಿಕ ವಿಧಿಸಿದ ಗಲ್ಲುಶಿಕ್ಷೆಗಳೂ ಆ ಊರಿನ ಮನದಲ್ಲಿ ಬಹುಕಾಲ ಮಾಯದ ಗಾಯಗಳಾಗಿ ಉಳಿದವು.

ಮೂರನೆಯದು ಹೆಚ್ಚು ಸೂಕ್ಷ್ಮವಾದ ಪ್ರಶ್ನೆ. ಕಿತ್ತೂರು ಬಿದ್ದ ಮೇಲೆ ಚೆನ್ನಮ್ಮನನ್ನು ಬೈಲಹೊಂಗಲದ ಕೋಟೆಯಲ್ಲಿ ಸೆರೆಯಲ್ಲಿಟ್ಟರು. 1829ರ ಫೆಬ್ರುವರಿಯಲ್ಲಿ ಆಕೆ ಅಲ್ಲಿಯೇ ಮೃತಳಾದಳು. ಆಕೆಯ ಸಮಾಧಿ ಆ ಊರಲ್ಲಿದೆ. ಆಕೆಯ ಬಂಟ ಸಂಗೊಳ್ಳಿ ರಾಯಣ್ಣನು ವೇಷ ಮರೆಸಿಕೊಂಡು ಸೆರೆಮನೆಗೆ ಹೋಗಿ ರಾಣಿಯನ್ನು ಕಾಣುತ್ತಿದ್ದನೆಂದು ಜನಪದವು ಹಾಡುತ್ತ ಬಂದಿದೆ. ಸಂಗೊಳ್ಳಿಯು ಮಲಪ್ರಭೆಯ ದಂಡೆಯ ಮೇಲೆ, ಕಿತ್ತೂರು ಬೈಲಹೊಂಗಲಗಳ ನಡುವಣ ಸೀಮೆಯಲ್ಲಿದೆ. ಅಲ್ಲಿಂದ ಬೈಲಹೊಂಗಲವು ಸೈಕಲ್ಲಿಗೆ ಬಹಳ ಹೊತ್ತಿನ ದಾರಿಯಲ್ಲ. ಗಟ್ಟಿ ಆಳು ಒಂದು ಇರುಳಿನಲ್ಲಿ ನಡೆದು ಹೋಗಿ ಬೆಳಗಾಗುವದರೊಳಗೆ ಹಿಂತಿರುಗಬಹುದು. ದಾರಿಯನ್ನು ತುಳಿಯುವವರೆಗೆ ಈ ಹಾಡು ಕೇವಲ ಕವಿಕಲ್ಪನೆಯೆಂದು ಪ್ರಸ್ತುತ ಲೇಖಕನು ಎಣಿಸಿದ್ದನು. ತುಳಿದ ಬಳಿಕ ಆ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾಯಿತು.

ಆದರೆ ಇಲ್ಲಿ ಎಚ್ಚರ ಅಗತ್ಯ. ದೂರವು ಕಡಿಮೆಯೆಂಬುದು ಭೆಟ್ಟಿ ಸಾಧ್ಯವಿತ್ತೆಂಬುದನ್ನು ತೋರಿಸೀತೇ ಹೊರತು ಭೆಟ್ಟಿ ಆಯಿತೆಂಬುದನ್ನು ಸಿದ್ಧಪಡಿಸಲಾರದು. ಪ್ರೀತಿಯ ಕಥೆಯನ್ನು ಪ್ರಮಾಣವೆಂದು ಸ್ವೀಕರಿಸುವದೂ ತಪ್ಪು. ಪ್ರಮಾಣವಿಲ್ಲವೆಂದು ಕಥೆಯನ್ನು ಹುಸಿಯೆಂದು ತಳ್ಳಿಬಿಡುವದೂ ತಪ್ಪು. ನಿಸ್ಸಂಶಯವಾಗಿ ಹೇಳಬಹುದಾದದ್ದು ಇಷ್ಟು: ರಾಣಿಯನ್ನು ದೂರದ ಸೀಮೆಗೆ ಒಯ್ಯದೆ ಆಕೆಯ ಜನರ ನಡುವೆಯೇ ಇಟ್ಟಿದ್ದರಿಂದ ಕಿತ್ತೂರಿನ ನೆನಪು ಆರಲಿಲ್ಲ. ಶೇತಸನದಿಯಾಗಿದ್ದ ರಾಯಣ್ಣನ ಭೂಮಿಯ ಮೇಲೆ ಹೊಸ ಸರಕಾರದ ಕೈ ಬಿದ್ದದ್ದು ಆ ಬೆಂಕಿಗೆ ತುಪ್ಪವಾಯಿತು. 1830ರ ಆರಂಭದಲ್ಲಿ ಬೀಡಿಯ ಕಚೇರಿ ಸುಟ್ಟಿತು. ಏಪ್ರಿಲಿನಲ್ಲಿ ರಾಯಣ್ಣ ಸೆರೆಸಿಕ್ಕನು. 1831ರ ಜನವರಿಯಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅಷ್ಟು ಕಾಲ ಆತನು ಕೈಗೆ ಸಿಕ್ಕದೆ ತಿರುಗಿದ್ದಕ್ಕೆ ಕಾರಣವು ಪಶ್ಚಿಮದ ಅಡವಿಯಷ್ಟೇ ಅಲ್ಲ, ದಿನ್ನೆ ದಿನ್ನೆಯ ಹಿಂದೆ ಮರೆಯಾಗಿರುವ, ಅನ್ನವಿಕ್ಕುವ ಊರುಗಳೂ ಹೌದು.

ಇದೇ ಪ್ರಸಂಗದಲ್ಲಿ ಒಂದು ವಿಚಿತ್ರವನ್ನು ಸ್ಮರಿಸಬಹುದು. ಥ್ಯಾಕರೆ ಸತ್ತ ದಿನ ಕಿತ್ತೂರಿನವರ ಕೈಗೆ ಸೆರೆಸಿಕ್ಕವರಲ್ಲಿ ವಾಲ್ಟರ್ ಇಲಿಯಟ್ ಎಂಬ ತರುಣ ಅಧಿಕಾರಿಯೂ ಒಬ್ಬ. ಆತನಿಗೆ ಪ್ರಾಣಹಾನಿಯಾಗಲಿಲ್ಲ. ಮುಂದೆ ಅದೇ ಇಲಿಯಟ್ ಈ ಸೀಮೆಯ ಕನ್ನಡ ಶಾಸನಗಳನ್ನು ನಕಲು ಮಾಡಿಸಿ ಸಂಗ್ರಹಿಸಿದನು. ನಮ್ಮ ನಾಡಿನ ಶಾಸನಾಭ್ಯಾಸದ ಮೊದಲ ಕಂತೆಗಳಲ್ಲಿ ಒಂದು ಹೀಗೆ ಕಿತ್ತೂರಿನವರು ತೋರಿಸಿದ ಸಂಯಮಕ್ಕೆ ಋಣಿಯಾಗಿದೆ.

ಕೊನೆಯದಾಗಿ, ಈ ದಾರಿಯು ಇಂದು ಹಳೆಯ ದಾರಿಯಾಗಿ ಉಳಿದಿಲ್ಲ. 1970ರ ದಶಕದಲ್ಲಿ ನವಿಲುತೀರ್ಥದ ಕಟ್ಟೆಯ ಹಿಂದೆ ನೀರು ನಿಂತು, ಹಲವು ಹಳ್ಳಿಗಳ ನೆಲವೂ ಹೊಳೆಯ ಹಳೆಯ ಕಡವುಗಳೂ ರೇಣುಕಾಸಾಗರದಲ್ಲಿ ಮುಳುಗಿದವು. ಆ ನೀರು ಕಾಲುವೆಗಳ ಕೆಳಗಿನ ಎರೆಯ ಹೊಲಗಳನ್ನು ತೋಯಿಸಿದೆಯೆಂಬುದು ಸತ್ಯ. ಅದೇ ನೀರಿನ ಕರಭಾರದ ಮೂಲಕ 1980ರ ಜುಲೈಯಲ್ಲಿ ನವಲಗುಂದ ನರಗುಂದಗಳಲ್ಲಿ ರೈತರ ನೆತ್ತರು ಹರಿಯಿತೆಂಬುದೂ ಸತ್ಯ. ಭೂಮಿ ಮತ್ತು ಕರ ಎಂಬ ರಾಯಣ್ಣನ ಕಾಲದ ಪ್ರಶ್ನೆಯು ಈ ಹೊಳೆಯ ಬಯಲನ್ನು ಬಿಟ್ಟುಹೋಗಿಲ್ಲ. ಅತ್ತ ಹಳ್ಳಿಗಳಲ್ಲಿ ವಾಡೆಗಳ ಮಣ್ಣುಗೋಡೆಗಳು ಮಳೆಮಳೆಗೂ ಕುಸಿಯುತ್ತಲಿವೆ. ಅಗಸಿಯ ಹತ್ತಿರದ ವೀರಗಲ್ಲು ರಸ್ತೆ ಅಗಲವಾಗುವಾಗ ಎಲ್ಲಿಗೆ ಸರಿಯಿತೆಂಬುದು ಊರಿನ ಹಿರಿಯರಿಗೆ ಮಾತ್ರ ಗೊತ್ತು, ಆ ಹಿರಿಯರೂ ಬಹುಕಾಲ ಇರಲಾರರು.

2006ರಿಂದ ಹಲವು ವರ್ಷ ಕರ್ನಾಟಕ ಸರಕಾರವು ಪ್ರೌಢಶಾಲೆಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚಿತು. ಅವುಗಳಲ್ಲಿ ಎಷ್ಟೋ ಈಗಲೂ ಹಳ್ಳಿಯ ಪಡಸಾಲೆಗಳಲ್ಲಿ ನಿಂತಿವೆ. ಇತಿಹಾಸದ ವಿದ್ಯಾರ್ಥಿಯೊಬ್ಬನು ಒಂದು ವಹಿ, ಒಂದು ಅಳತೆಯ ಪಟ್ಟಿ ಹಿಡಿದು ರಜೆಯ ದಿನಗಳಲ್ಲಿ ತನ್ನ ಸುತ್ತಿನ ಹತ್ತು ಊರು ತಿರುಗಿದರೆ, ಕಲ್ಲು ಎಲ್ಲಿದೆ, ಹಾಡು ಯಾರ ಬಾಯಲ್ಲಿದೆ, ಹಳೆಯ ದಾರಿ ಎಲ್ಲಿ ಹಾಯ್ದಿತ್ತು ಎಂಬುದನ್ನು ಬರೆದಿಡಬಲ್ಲನು. ಅದಕ್ಕೆ ದೊಡ್ಡ ಧನಸಹಾಯ ಬೇಡ. ಬಲವಾದ ಕಾಲು, ಕೇಳುವ ಕಿವಿ ಇದ್ದರೆ ಸಾಕು. ಈ ಕಾರ್ಯವು ನಮ್ಮ ತಲೆಮಾರಿನಲ್ಲಿ ಆಗದಿದ್ದರೆ ಮುಂದಿನ ತಲೆಮಾರಿಗೆ ಬರೆದುಕೊಳ್ಳಲು ಉಳಿಯುವದು ಅತ್ಯಲ್ಪ.