ಸೆಮಿನರಿಗೆ ಹೋಗಲಾಗದವರ ಪಾಠ: ಯಾದಗಿರಿ ಸೀಮೆಯಲ್ಲಿ ಸಭಾಪಾಲಕರ ಗುಂಪು ಅಧ್ಯಯನದ ಹಿನ್ನೆಲೆ

ದೇವಶಾಸ್ತ್ರ ಓದುವುದೆಂದರೆ ಕನ್ನಡ ಕ್ರೈಸ್ತರಿಗೆ ಥಟ್ಟನೆ ನೆನಪಾಗುವುದು ಮಂಗಳೂರಿನ ಬಲ್ಮಠ, ಬೆಂಗಳೂರಿನ ಮಿಲ್ಲರ್ಸ್ ರಸ್ತೆ. ಬಲ್ಮಠದ ಸೆಮಿನರಿಗೆ ಬಾಸೆಲ್ ಮಿಷನ್ 1840ರ ದಶಕದಲ್ಲಿ ಬುನಾದಿ ಹಾಕಿತು. 1965ರಿಂದ ಅದು ಕರ್ನಾಟಕ ಥಿಯಲಾಜಿಕಲ್ ಕಾಲೇಜು. ಮಿಲ್ಲರ್ಸ್ ರಸ್ತೆಯ ಯುನೈಟೆಡ್ ಥಿಯಲಾಜಿಕಲ್ ಕಾಲೇಜು ಶುರುವಾದದ್ದು 1910ರಲ್ಲಿ. ಎರಡಕ್ಕೂ ಊರು ಬಿಟ್ಟು ಹೋಗಬೇಕು, ವರ್ಷಗಟ್ಟಲೆ ಹಾಸ್ಟೆಲಿನಲ್ಲಿರಬೇಕು. ಶಹಾಪುರದ ಹಳ್ಳಿಯಲ್ಲಿ ಎರಡೆಕರೆ ಹೊಲ, ಮೂರು ಮಕ್ಕಳು, ಭಾನುವಾರದ ಆರಾಧನೆ ಇಟ್ಟುಕೊಂಡ ಸಭಾ ಹಿರಿಯನಿಗೆ ಅದು ಆಗುವ ಮಾತಲ್ಲ. ಇಂಥವನಿಗೆ ಊರಲ್ಲೇ, ನಾಲ್ಕು ಜನರ ಜೊತೆ ಕೂಡಿಸಿ ಕಲಿಸುವ ಪದ್ಧತಿಯನ್ನು 1970ರ ದಶಕದ ಹೊಸ ಪ್ರಯೋಗವೆಂದು ಹೇಳುವ ವಾಡಿಕೆಯಿದೆ. ಯಾದಗಿರಿಯ ಮಟ್ಟಿಗೆ ಈ ಕಾಲಗಣನೆ ಸರಿಯಲ್ಲ ಎಂಬುದು ನನ್ನ ವಾದ.

ಮೊದಲು ಗಡಿಯ ಮಾತು. 1858ರ ಬಂಡಾಯದ ನಂತರ, ಈಗ ಯಾದಗಿರಿ ಜಿಲ್ಲೆಯಲ್ಲಿರುವ ಸುರಪುರದ ನಾಯಕರ ಸಂಸ್ಥಾನ ಅಳಿದು, 1860ರಲ್ಲಿ ಅದರ ಸೀಮೆ ನಿಜಾಮನ ಕೈ ಸೇರಿತು. ಬಾಸೆಲ್ ಮಿಷನ್ನಿನ ಕೆಲಸ ಬ್ರಿಟಿಷ್ ಆಡಳಿತದ ಧಾರವಾಡ, ಬೆಟಗೇರಿ, ಗುಳೇದಗುಡ್ಡಗಳ ಕಡೆ ಬೇರುಬಿಟ್ಟಿತ್ತು. ಆದರೂ ಆ ಮಿಷನರಿಗಳಿಗೆ ಈ ಭಾಗದ ನಂಟು ಇಲ್ಲದಿರಲಿಲ್ಲ. ಕಾಲಜ್ಞಾನವನ್ನು ನಂಬಿದ ಭಕ್ತರ ಗುಂಪೊಂದು ಹೆರ್ಮನ್ ಮೋಗ್ಲಿಂಗನ ಕುತೂಹಲ ಕೆರಳಿಸಿತು. ಅವರಿಗೆಂದೇ ಗದಗಿನ ಬಳಿಯ ಮಲ್ಲಸಮುದ್ರದಲ್ಲಿ ನೆಲೆಯೊಂದನ್ನು ಮಾಡಲಾಯಿತು. ಅದು ಕೈಗೂಡಲಿಲ್ಲ. ಕಾಲಜ್ಞಾನ ಪರಂಪರೆಯ ದೊಡ್ಡ ಹೆಸರು ಕೊಡೇಕಲ್ ಬಸವಣ್ಣ. ಕೊಡೇಕಲ್ ಇರುವುದು ಸುರಪುರ ಸೀಮೆಯಲ್ಲೇ. ಕೂಡಿ ಕೂತು ವಚನ ಹಾಡಿ, ಅರ್ಥ ಹೇಳಿ ಕಲಿಯುವ ರೂಢಿ ಈ ನೆಲಕ್ಕೆ ಮಿಷನರಿಗಳು ತಂದದ್ದೇನಲ್ಲ.

1871ರಲ್ಲಿ ಮುಂಬಯಿ ಕಡೆಯ ರೈಲು ರಾಯಚೂರು ಮುಟ್ಟಿತು, ಯಾದಗಿರಿ ಆ ದಾರಿಯ ನಿಲ್ದಾಣವಾಯಿತು. ಅದೇ ದಶಕದಲ್ಲಿ ವಿಲಿಯಂ ಟೇಲರ್ ದಕ್ಷಿಣದ ಊರುಗಳಲ್ಲಿ ಅಮೆರಿಕನ್ ಮೆಥೊಡಿಸ್ಟರ ಸಭೆಗಳನ್ನು ಕಟ್ಟಿದ. (ಸುರಪುರದವರು ಟೇಲರ್ ಎಂದೊಡನೆ ಅಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನನ್ನೇ ನೆನೆಯುತ್ತಾರೆ, ಇವನು ಬೇರೆ.) ಬೀದರ, ಕಲಬುರಗಿ, ಯಾದಗಿರಿಗಳು ಮುಂದೆ ಮೆಥೊಡಿಸ್ಟರ ಕ್ಷೇತ್ರಗಳಾದವು. ಯಾದಗಿರಿಯ ಹೋಲ್‌ಸ್ಟನ್ ಆಸ್ಪತ್ರೆಯ ಹೆಸರು ಟೆನ್ನೆಸ್ಸೀ ಕಡೆಯ ಮೆಥೊಡಿಸ್ಟ್ ಕಾನ್ಫರೆನ್ಸಿನದು.

ಮೆಥೊಡಿಸ್ಟರು ಬಂದದ್ದು ಈ ಚರ್ಚೆಗೆ ಮುಖ್ಯ, ಯಾಕೆಂದರೆ ಆ ಪಂಥ ಬೆಳೆದದ್ದೇ ಗುಂಪಿನಲ್ಲಿ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ಲಿನ ಪ್ರಾರ್ಥನಾಲಯದ ಸಾಲ ತೀರಿಸಲು ಪ್ರತಿಯೊಬ್ಬರೂ ವಾರಕ್ಕೊಂದು ಪೆನ್ನಿ ಕೊಡಬೇಕೆಂದು ಗೊತ್ತುಮಾಡಿದರು. ಹನ್ನೆರಡು ಜನರಿಗೊಬ್ಬ ಮುಂದಾಳು ವಸೂಲಿಗೆ ನಿಂತ. ವಸೂಲಿಗೆ ಹೋದವನು ಮನೆಮಂದಿಯ ಸುಖದುಃಖ ಕೇಳಿಬಂದ. ಸಾಲದ ಲೆಕ್ಕ ಆತ್ಮದ ಲೆಕ್ಕವಾಯಿತು. ಇದೇ ಕ್ಲಾಸ್ ಮೀಟಿಂಗ್. ಪಂಥದ ಸ್ಥಾಪಕ ಜಾನ್ ವೆಸ್ಲಿಯ ಹಲವು ಉಪದೇಶಿಗಳು ಅದರಲ್ಲೇ ಬೆಳೆದವರು. ಅಮೆರಿಕದ ಮೆಥೊಡಿಸ್ಟರು 1816ರಲ್ಲಿ ಇನ್ನೊಂದು ಹೆಜ್ಜೆ ಮುಂದಿಟ್ಟರು: ಊರೂರು ಸುತ್ತುವ ಬೋಧಕ ಕುದುರೆ ಬಿಟ್ಟಿಳಿಯದೆಯೇ ಓದಿ ಪರೀಕ್ಷೆ ಕೊಡುವಂಥ ಪಠ್ಯಕ್ರಮ. ಭಾರತದ ಮೆಥೊಡಿಸ್ಟ್ ಜಿಲ್ಲೆಗಳಲ್ಲಿ ಇವೆರಡಕ್ಕೂ ಜೊತೆಯಾದದ್ದು ಹಳ್ಳಿಗಳಲ್ಲಿ ಸಭೆಯ ಕೆಲಸ ಮಾಡುವವರ ಬೇಸಿಗೆ ಶಾಲೆ. ಕಟ್ಟಡವಿಲ್ಲದ ಸೆಮಿನರಿಯ ಎಲ್ಲ ಅಂಗಗಳೂ ಇಲ್ಲಿವೆ.

ಹೊಸ ಪ್ರಯೋಗವೆಂದು ಹೇಳುವ ಪದ್ಧತಿಯ ಬೇರು ಬೇರೆ ಕಡೆಯದು. 1963ರಲ್ಲಿ ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ ಸೆಮಿನರಿಗೆ ತಲೆನೋವಾದದ್ದೂ ನಮ್ಮ ಶಹಾಪುರದ ಹಿರಿಯನಂಥವನೇ: ಸಭೆ ನಡೆಸುವವನು ಓದಲು ಬರಲಾರ, ಓದಿ ಹೋದವನು ಹಳ್ಳಿಗೆ ಮರಳಲಾರ. ರಾಲ್ಫ್ ವಿಂಟರ್, ಜೇಮ್ಸ್ ಎಮೆರಿ, ರಾಸ್ ಕಿನ್ಸ್ಲರ್ ಮೊದಲಾದವರು ಪಾಠವನ್ನೇ ಹಳ್ಳಿಗೆ ಕಳಿಸಿದರು. ಮನೆಯಲ್ಲಿ ಓದು, ಸಭೆಯಲ್ಲಿ ಕೆಲಸ, ವಾರಕ್ಕೊಮ್ಮೆ ಗುಂಪಿನ ಚರ್ಚೆ. ಟೆಡ್ ವಾರ್ಡ್ ಇದನ್ನು ಮರದ ಬೇಲಿಗೆ ಹೋಲಿಸಿದ: ಓದು ಮತ್ತು ಕೆಲಸ ಎರಡು ಅಡ್ಡಪಟ್ಟಿಗಳು, ಗುಂಪಿನ ಕೂಟ ಅವನ್ನು ಹಿಡಿದ ಕಂಬ. 1971ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಟಾಫ್ಟೀ ಸಂಸ್ಥೆ ಈ ಮಾದರಿಯನ್ನು ಭಾರತಕ್ಕೆ ತಂದು, ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ದೇಶಭಾಷೆಗಳಲ್ಲಿ ಪಾಠ ನಡೆಸಿತು. ಕ್ಲಾಸ್ ಮೀಟಿಂಗನ್ನು ಬಲ್ಲ ಸಭೆಗೆ ಈ ಕಂಬ ಹಳೆಯದೇ. ಹೊಸದು ಪುಸ್ತಕ ಮಾತ್ರ.

ಇಲ್ಲಿ ತೊಡಕಿರುವುದೂ ಪುಸ್ತಕದಲ್ಲೇ. ಒಬ್ಬನೇ ಕೂತು ಓದಿ ಖಾಲಿ ಜಾಗ ತುಂಬುವ ಪಠ್ಯ ಸಲೀಸಾಗಿ ಓದಬಲ್ಲವನನ್ನು ಎದುರಿಗಿಟ್ಟುಕೊಂಡು ಬರೆದದ್ದು. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಶೇ. 51.83, ರಾಜ್ಯದಲ್ಲೇ ಕಡೆಯ ಸ್ಥಾನ. ಇಂಥಲ್ಲಿ ಒಬ್ಬ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಿ ಮಾತಾಡಬೇಕು. ಕಂಬವೇ ಅಡ್ಡಪಟ್ಟಿಯ ಭಾರವನ್ನೂ ಹೊರಬೇಕು. ಬಲ್ಮಠದಲ್ಲಿ ಓದಿದ ಪಾದ್ರಿ ಉತ್ತಂಗಿ ಚನ್ನಪ್ಪನವರು ಸರ್ವಜ್ಞನ ವಚನಗಳಿಗಾಗಿ ಹಸ್ತಪ್ರತಿಗಳಷ್ಟೇ ಅಲ್ಲ, ಹಳ್ಳಿಗರ ನಾಲಿಗೆಯನ್ನೂ ನೆಚ್ಚಿದರು. ಬಾಯಿಪಾಠವನ್ನು ವಿದ್ಯೆಯೆಂದು ಎಣಿಸುವ ಅವರ ಕಿವಿ ಈ ಪಠ್ಯಗಳನ್ನು ಬರೆದವರಿಗೆ ಇರಲಿಲ್ಲ.

ಇನ್ನು ಕಾಲದ ಪ್ರಶ್ನೆ. ಬೇಸಿಗೆ ಶಾಲೆ ನಡೆಯುತ್ತಿದ್ದದ್ದು ಹೊಲದಲ್ಲಿ ಕೆಲಸವಿಲ್ಲದ ಕಾಲದಲ್ಲಿ. 1982ರಲ್ಲಿ ನಾರಾಯಣಪುರದ ಬಸವಸಾಗರ ಮುಗಿದು, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿದಾಗ ಜೋಳದ ಎರೆ ಭತ್ತದ ಗದ್ದೆಯಾಯಿತು, ಕೆಲಸದ ತಿಂಗಳು ಪಲ್ಲಟಗೊಂಡವು. ಕಾಲುವೆ ಮುಟ್ಟದ ಊರುಗಳ ಕಥೆ ಬೇರೆ. ಅಲ್ಲಿನ ಜನ ಬೇಸಿಗೆಗೆ ಗುಳೆ ಹೊರಡುತ್ತಾರೆ, ಬೆಂಗಳೂರು, ಪುಣೆ, ಮುಂಬಯಿಯ ಕಟ್ಟಡ ಕೆಲಸಕ್ಕೆ. ಕಲಿಯುವವನ ಊರಿಗೇ ಪಾಠ ಒಯ್ಯಬೇಕೆಂದು ಗ್ವಾಟೆಮಾಲಾದವರು ಹೇಳಿದ್ದರು. ಆ ಊರಿನ ಅರ್ಧ ಸಭೆ ಈಗ ಬೇಸಿಗೆಯಲ್ಲಿ ಬೆಂಗಳೂರಿನ ತಗಡಿನ ಶೆಡ್ಡುಗಳಲ್ಲಿ ಇರುತ್ತದೆ.