ಗ್ಲಾಸ್ಗೋದ ಬೀದಿ, ಮಟ್ಟುವಿನ ಗದ್ದೆ

ಸ್ಕಾಟ್ಲೆಂಡಿಗೆ ಪ್ರವಾಸ ಹೋದ ನಮ್ಮವರು ಎಡಿನ್‌ಬರೋದ ಬಂಡೆಯ ಮೇಲಿನ ಕೋಟೆಯನ್ನು ತಪ್ಪದೆ ನೋಡುತ್ತಾರೆ. ಅಲ್ಲಿಂದ ಹಾಲಿರೂಡ್ ಅರಮನೆಯವರೆಗೆ ಇಳಿಯುವ ‘ರಾಯಲ್ ಮೈಲ್’ ಬೀದಿಯಲ್ಲಿ ನಡೆದು, ಫೋಟೋ ತೆಗೆದುಕೊಂಡು ಹಿಂದಿರುಗುತ್ತಾರೆ. ಆ ನಾಡಿನ ನಗರಗಳಲ್ಲಿ ಓದಿದ ಇಬ್ಬರು ಇನ್ನೂರು ವರ್ಷಗಳ ಹಿಂದೆ ನಮ್ಮ ಕರಾವಳಿಯ ಗದ್ದೆಗಳ ಲೆಕ್ಕ ಬರೆದರು ಎಂಬುದು ಹೆಚ್ಚಿನವರಿಗೆ ತಿಳಿದಿಲ್ಲ.

ಗ್ಲಾಸ್ಗೋ ನಗರದ ನಡುವೆ ವರ್ಜೀನಿಯಾ ಸ್ಟ್ರೀಟ್ ಇದೆ. ಅಮೆರಿಕದ ವರ್ಜೀನಿಯಾದಿಂದ ಹೊಗೆಸೊಪ್ಪು ತರಿಸಿ ಶ್ರೀಮಂತರಾದ ವ್ಯಾಪಾರಿಗಳ ಕಾಲದ ಹೆಸರು ಅದು. ಆ ಸೊಪ್ಪನ್ನು ಬೆಳೆದವರು ಗುಲಾಮರು. ಥಾಮಸ್ ಮನ್ರೋ 1761ರಲ್ಲಿ ಈ ನಗರದ ಅಂಥದೇ ಒಬ್ಬ ವ್ಯಾಪಾರಿಯ ಮಗನಾಗಿ ಹುಟ್ಟಿದ. 1451ರಲ್ಲಿ ಸ್ಥಾಪನೆಯಾದ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿ ಓದಿದ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ತಂದೆಯ ವ್ಯಾಪಾರ ಮುಳುಗಿತು. ಮಗ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಸೇರಿ 1780ರಲ್ಲಿ ಮದ್ರಾಸಿಗೆ ಬಂದಿಳಿದ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಕೋಟೆಗೆ ನುಗ್ಗಿದ ಪಡೆಯ ನಾಯಕ ಡೇವಿಡ್ ಬೇರ್ಡ್ ಕೂಡ ಸ್ಕಾಟ್ಲೆಂಡಿನವನೇ. ಅವನು ಟಿಪ್ಪುವಿನ ದೇಹವನ್ನು ಪತ್ತೆಹಚ್ಚುವ ದೃಶ್ಯದ ದೊಡ್ಡ ಚಿತ್ರವೊಂದು ಇಂದಿಗೂ ಸ್ಕಾಟ್ಲೆಂಡಿನ ರಾಷ್ಟ್ರೀಯ ಕಲಾಸಂಗ್ರಹದಲ್ಲಿದೆ. ಅದೇ ವರ್ಷ ಕೆನರಾ ಕಂಪನಿಯ ವಶವಾಯಿತು. ಮನ್ರೋ ಅದರ ಕಲೆಕ್ಟರನಾದ. ಇಲ್ಲಿಯ ಜಮೀನು ಸರ್ಕಾರದ್ದಲ್ಲ, ಖಾಸಗಿ ಆಸ್ತಿ. ಅದು ಮಾರಾಟವಾಗುತ್ತದೆ, ಅಡವಿಗೆ ಹೋಗುತ್ತದೆ, ವಾರಸುದಾರರಿಗೆ ಬರುತ್ತದೆ ಎಂದು ಅವನು ಹಳೆಯ ಕಡತಗಳಿಂದ ಕಂಡುಕೊಂಡ. ಕಂದಾಯ ವರ್ಗದಾರರ ಹೆಸರಿನಲ್ಲಿ ನಿಗದಿಯಾಯಿತು. 1800ರಲ್ಲೇ ಅವನು ಬಳ್ಳಾರಿ, ಕಡಪ ಸೀಮೆಗೆ ವರ್ಗವಾಗಿ ಹೋದ.

ಮರುವರ್ಷ ಬಂದವನು ಫ್ರಾನ್ಸಿಸ್ ಬುಕಾನನ್. ಕ್ಯಾಲಂಡರ್ ಎಂಬ ಊರಿನ ಕಡೆಯವನು. ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರವನ್ನೂ ಸಸ್ಯಶಾಸ್ತ್ರವನ್ನೂ ಕಲಿತವನು. ಕಾರ್ಕಳ, ಹಿರಿಯಡ್ಕ, ಉಡುಪಿಗಳ ಮೂಲಕ ಸಾಗುತ್ತ ಅವನು ಬೆಳೆ, ಗೇಣಿ, ಕೂಲಿ, ಜಾತಿ ಎಲ್ಲವನ್ನೂ ಕೇಳಿ ಬರೆದುಕೊಂಡ. 1807ರಲ್ಲಿ ಅಚ್ಚಾದ ಅವನ ಮೂರು ಸಂಪುಟಗಳ ಪ್ರವಾಸ ಗ್ರಂಥದಲ್ಲಿ ನಮ್ಮ ಬೈಲು, ಮಜಲು, ಬೆಟ್ಟುಗಳು ಅದೇ ಹೆಸರಿನಲ್ಲಿವೆ. ಆ ಹೆಸರುಗಳನ್ನು ಹೇಳಿಕೊಟ್ಟ ನಮ್ಮವರು ಯಾರು ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಮನ್ರೋನ ಲೆಕ್ಕದಲ್ಲಿ ಒಡೆಯನಿದ್ದ, ತೆರಿಗೆಯಿತ್ತು. ಕೆಸರಿಗಿಳಿದು ಉಳುವವನ ಹೆಸರು ಇರಲಿಲ್ಲ. ಮೂಲಗೇಣಿ ಒಕ್ಕಲಿಗೆ ಒಂದಿಷ್ಟಾದರೂ ಭದ್ರತೆಯಿತ್ತು. ಚಾಲಗೇಣಿಯವನನ್ನು ಧನಿ ಬಯಸಿದಾಗ ಎಬ್ಬಿಸಬಹುದಿತ್ತು. ಉಳುವವನ ಹೆಸರು ಕಡತಕ್ಕೆ ಬರಲು 1974ರ ಭೂಸುಧಾರಣೆಯವರೆಗೆ ಕಾಯಬೇಕಾಯಿತು. ನಮ್ಮ ಅಜ್ಜಂದಿರು ‘ಡಿಕ್ಲರೇಶನ್’ ಎಂದು ಕರೆಯುತ್ತಿದ್ದ ಆ ಅರ್ಜಿ ಕೊಟ್ಟು, ಭೂನ್ಯಾಯ ಮಂಡಳಿಯ ಮುಂದೆ ನಿಂತು ಹಕ್ಕು ಪಡೆದರು. ಗೇಣಿ ಹೊರುತ್ತಿದ್ದ ಮನೆಗಳ ಮಕ್ಕಳು ಸರ್ಕಾರಿ ಶಾಲೆಯ ಹಾಜರಿ ಪುಸ್ತಕ ಸೇರಿದ್ದಕ್ಕೂ ಇದಕ್ಕೂ ನಂಟಿದೆ. ನಮ್ಮಲ್ಲಿ ಹಲವರು ಎಂಜಿನಿಯರು, ಶಿಕ್ಷಕರು ಆಗಿರುವುದು ಆ ಎರಡು ಪುಸ್ತಕಗಳ ಬಲದಿಂದ.

ಗ್ಲಾಸ್ಗೋದ ಬೀದಿಗಳು ವ್ಯಾಪಾರಿಗಳ ನೆನಪನ್ನು ಉಳಿಸಿಕೊಂಡಿವೆ. ಗುಳ್ಳ ಬೆಳೆಯುವ ನಮ್ಮ ಗದ್ದೆಗಳ ಕಥೆಯನ್ನು ನಾವೇ ಉಳಿಸಬೇಕು. ಡಿಕ್ಲರೇಶನ್ ಕಾಲ ಕಂಡ ಹಿರಿಯರು ಊರಿನಲ್ಲಿ ಇನ್ನು ಕೆಲವರೇ ಇದ್ದಾರೆ. ಹಳೆವಿದ್ಯಾರ್ಥಿಗಳು ಅವರ ಬಳಿ ಕುಳಿತು, ಕೇಳಿ, ಹೆಸರು ಸಮೇತ ಬರೆದಿಡೋಣ. ಈ ಬಾರಿ ಹೇಳಿದವರ ಹೆಸರು ಬಿಟ್ಟುಹೋಗದಿರಲಿ.