ರೆಕ್ಕೆಯ ಸೀಳು ಮತ್ತು ಬಿಸಿಗಾಳಿ

ಬೇಸಿಗೆಯ ಮಧ್ಯಾಹ್ನ ವಿಮಾನ ನಿಲ್ದಾಣದ ಗಾಜಿನಾಚೆ ನೋಡಿ. ನಿಂತಿರುವ ಏರ್‌ಬಸ್ ಎ320ಗಳಲ್ಲಿ ಕೆಲವು ರೆಕ್ಕೆಯ ಮುಂದಿನ ಅಂಚನ್ನು ತುಸು ಕೆಳಕ್ಕೆ ಚಾಚಿಕೊಂಡಿರುತ್ತವೆ. ಯಾರೋ ಮುಚ್ಚಲು ಮರೆತರೇನೋ ಅನ್ನಿಸುತ್ತದೆ. ಮರೆವಲ್ಲ, ಬೇಕೆಂದೇ ಬಿಟ್ಟಿರುವುದು. ಹಾಗೆ ಚಾಚಿಕೊಂಡ ಪಟ್ಟಿಯ ಹೆಸರು ಸ್ಲ್ಯಾಟ್.

ಅದರ ಕಥೆ ಶುರುವಾಗುವುದು ಆಸ್ಪತ್ರೆಯ ಹಾಸಿಗೆಯಲ್ಲಿ. 1917ರಲ್ಲಿ ಗುಸ್ತಾವ್ ಲಾಖ್‌ಮನ್ ಎಂಬ ಜರ್ಮನ್ ತರುಣನ ವಿಮಾನ ಬಿದ್ದು ಅವನು ಗಾಯಗೊಂಡ. ವೇಗ ತಗ್ಗಿ ಮೂತಿ ಮೇಲೆದ್ದಾಗ ರೆಕ್ಕೆಯ ಮೇಲ್ಮೈಗೆ ಅಂಟಿಕೊಂಡು ಹರಿಯಬೇಕಾದ ಗಾಳಿ ಕಿತ್ತುಕೊಂಡು ಹೋಗುತ್ತದೆ, ಎತ್ತುವ ಬಲ ಕುಸಿಯುತ್ತದೆ. ಅವನಿಗೆ ಆದದ್ದೂ ಅದೇ. ರೆಕ್ಕೆಯ ಮುಂಭಾಗದಲ್ಲೊಂದು ಸೀಳು ಬಿಟ್ಟರೆ ಗಾಳಿ ಅಂಟಿಕೊಂಡೇ ಇದ್ದೀತು ಎಂದು ಮಲಗಿದ್ದಲ್ಲೇ ಹೊಳೆಯಿತು. 1918ರಲ್ಲಿ ಪೇಟೆಂಟ್ ಕೇಳಿದಾಗ ಕಚೇರಿ ಒಪ್ಪಲಿಲ್ಲ. ಅವರನ್ನು ನೋಡಿ ನಗುವುದು ಸುಲಭ. ಆದರೆ ಸೀಳು ಬಿಟ್ಟ ಕೊಡದಲ್ಲಿ ನೀರು ಹೆಚ್ಚು ನಿಲ್ಲುತ್ತದೆ ಎಂದರೆ ಯಾರು ತಾನೇ ನಂಬುತ್ತಾರೆ? ಅಷ್ಟರಲ್ಲಿ ಇಂಗ್ಲೆಂಡಿನ ಫ್ರೆಡರಿಕ್ ಹ್ಯಾಂಡ್ಲಿ ಪೇಜ್ ತನ್ನಷ್ಟಕ್ಕೆ ತಾನೇ ಅದೇ ಸೀಳನ್ನು ಕಂಡುಕೊಂಡಿದ್ದ. ಗಟಿಂಗೆನ್‌ನಲ್ಲಿ ಪ್ರಾಂಟ್ಲ್ ನಡೆಸಿದ ಪರೀಕ್ಷೆ ಲಾಖ್‌ಮನ್‌ನ ಮಾತನ್ನು ನಿಜಮಾಡಿತು, ಪೇಟೆಂಟೂ ಸಿಕ್ಕಿತು. ಇಬ್ಬರೂ ಜಗಳವಾಡದೆ ರಾಜಿಯಾದರು. 1929ರಲ್ಲಿ ಲಾಖ್‌ಮನ್ ಹ್ಯಾಂಡ್ಲಿ ಪೇಜ್ ಕಂಪನಿಗೇ ಕೆಲಸಕ್ಕೆ ಸೇರಿದ.

ಈಗ ಬಿಸಿಲಲ್ಲಿ ನಿಂತ ಎ320ಕ್ಕೆ ಬರೋಣ. ಎಂಜಿನ್‌ನಿಂದ ತೆಗೆದ ಸುಮಾರು 200 ಡಿಗ್ರಿಯ ಗಾಳಿ ರೆಕ್ಕೆಯ ಮುಂದಿನ ಅಂಚಿನೊಳಗಿನ ಕೊಳವೆಗಳಲ್ಲಿ ಹರಿಯುತ್ತದೆ. ಕ್ಯಾಬಿನ್ ತಂಪಾಗಿಸಲು, ಮಂಜು ಕಟ್ಟದಂತೆ ನೋಡಲು ಅದು ಬೇಕು. ಕೊಳವೆ ಸೋರಿದರೆ ತಿಳಿಯಲೆಂದು ಪಕ್ಕದಲ್ಲೇ ಶಾಖ ಗುರುತಿಸುವ ತಂತಿ ಇರುತ್ತದೆ. ಹಾರುವಾಗ ಆ ಜಾಗವನ್ನು ಗಾಳಿ ತಣಿಸುತ್ತದೆ. ನಿಂತಾಗ ತಣಿಸುವವರಿಲ್ಲ. ಬಿಸಿಲೂ ಸೇರಿದರೆ ಸೋರಿಕೆಯೇ ಇಲ್ಲದೆ ಕಾಕ್‌ಪಿಟ್‌ನಲ್ಲಿ ಸೋರಿಕೆಯ ಎಚ್ಚರಿಕೆ ಬರಬಹುದು. ಅದಕ್ಕೇ ಹೊರಗೆ 30 ಡಿಗ್ರಿ ದಾಟಿದಾಗ, ಎರಡು ಹಾರಾಟಗಳ ನಡುವೆ, ಸ್ಲ್ಯಾಟ್‌ಗಳನ್ನು ಮೊದಲ ಹಂತದಲ್ಲೇ ಬಿಡುತ್ತಾರೆ. ಬೇಗೆ ಹೆಚ್ಚಾದ ಕೋಣೆಯ ಕಿಟಕಿ ತೆರೆದಿಟ್ಟಂತೆ.

ಇದೇ ಬಿಸಿಗಾಳಿ ಒಮ್ಮೆ ಇಲ್ಲದೇ ಹೋಗಿ ಅನಾಹುತವಾಗಿದೆ. ಬೋಯಿಂಗ್ 747ರ ಮುಂಚಿನ ಫ್ಲ್ಯಾಪ್‌ಗಳನ್ನು ಹೊರಕ್ಕೆ ತಳ್ಳುವುದೇ ಎಂಜಿನ್‌ನ ಗಾಳಿ. 1974ರ ನವೆಂಬರ್ 20ರಂದು ನೈರೋಬಿಯಲ್ಲಿ ಲುಫ್ತಾನ್ಸಾ 540 ಹೊರಟಾಗ ಆ ಗಾಳಿಯ ಕವಾಟಗಳು ಮುಚ್ಚಿದ್ದವು. ಹಿಂದಿನ ಫ್ಲ್ಯಾಪ್‌ಗಳು ಇಳಿದಿದ್ದವು, ಮುಂದಿನವು ಮಡಚಿಕೊಂಡೇ ಇದ್ದವು. ನೆಲ ಬಿಟ್ಟ ವಿಮಾನ ನಡುಗುತ್ತಾ ಎತ್ತರ ಹಿಡಿಯಲಾರದೆ ಓಡುದಾರಿಯಾಚೆ ಬಿತ್ತು. 157 ಮಂದಿಯಲ್ಲಿ 59 ಮಂದಿ ಸತ್ತರು. 747 ಮಾದರಿಯ ಮೊದಲ ಮಾರಕ ಅಪಘಾತ ಅದು. ಲಾಖ್‌ಮನ್ ಬಿದ್ದು ಅಷ್ಟರಲ್ಲಿ 57 ವರ್ಷಗಳಾಗಿದ್ದವು.